ಕೂತಮ್ಮನ ಸ್ಟೂಲು

ಗೊಂಬೆಯ ಎಡಗಣ್ಣನ್ನು ಒರೆಸಿ, ಹೊಸದಾಗಿ ಬರೆದು, ಬಲಗಣ್ಣಿಗೆ ಕೈ ಹಾಕುವಷ್ಟರಲ್ಲಿ ಹೊಸ ಮೇಸ್ತ್ರಿಗೆ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಗುಬ್ಬಿ. ಊಟಕ್ಕೆಂದು ಎಲ್ಲರ ಜೊತೆ ಹೋದವಳು ಕನ್ನಡಕ ಮರೆತು ವಾಪಸು ಬಂದಿದ್ದಳು. ಮೇಸ್ತ್ರಿಯ ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಟರ್ಪೆಂಟೈನ್ ಬಟ್ಟೆ. ಬಚ್ಚಿಡಲು ಮೂರನೆಯ ಕೈ ಇರಲಿಲ್ಲ.

"ಅದು ನಾನು ಬರೆದ ಗೊಂಬೆ ಅಲ್ವಾ?"

"ಸ್ವಲ್ಪ ವಾರೆ ಇತ್ತು ಕಣೇ. ಸರಿ ಮಾಡ್ತಿದ್ದೆ ಅಷ್ಟೆ."

"ಇದೊಂದೇನಾ?"

ಮೇಸ್ತ್ರಿ ಕಪಾಟಿನ ಕಡೆ ಕಣ್ಣು ಹಾಯಿಸಿದಳು. ಗುಬ್ಬಿ ಕನ್ನಡಕ ಏರಿಸಿಕೊಂಡು ಕಪಾಟಿನ ಹತ್ತಿರ ಹೋದಳು. ಈ ವಾರ ಮುಗಿಸಿಟ್ಟ ಮರದ ಗೊಂಬೆಗಳು ಅಲ್ಲಿ ಸಾಲಾಗಿ ನಿಂತಿದ್ದವು. ಬೇರೆ ಯಾರಾದರೂ ಆಗಿದ್ದರೆ ಗುರುತೇ ಸಿಗುತ್ತಿರಲಿಲ್ಲ. ಆದರೆ ಕಿಟಕಿ ಪಕ್ಕದ ಒಂದೇ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ವರ್ಷಗಟ್ಟಲೆ ಕಣ್ಣು ಬರೆದವರಿಗೆ ಪರಸ್ಪರರ ಕೈ ಗೊತ್ತಾಗದೆ ಇರುತ್ತದೆಯೇ? ಗುಬ್ಬಿಯ ಗೊಂಬೆಗಳು ಯಾವಾಗಲೂ ತುಸು ಪಕ್ಕಕ್ಕೆ ನೋಡುತ್ತವೆ, ಯಾರೋ ಬಾಗಿಲಿಗೆ ಬಂದರೇನೋ ಎಂಬಂತೆ. ಇವು ನೆಟ್ಟಗೆ ಮುಂದೆ ನೋಡುತ್ತಿದ್ದವು.

"ಇದು ನಿನ್ನ ಕಣ್ಣು. ಇದೂ ನಿಂದೇ. ನಾನೊಬ್ಬಳು ಹುಚ್ಚಿ, ಈ ವಾರ ನನ್ನ ಕೈ ಕುದುರಿದೆ ಅಂತ ಮನೇಲೆಲ್ಲ ಹೇಳ್ಕೊಂಡು ಕುಣಿದಾಡ್ದೆ."

"ನಾಳೆ ಮಾಲು ಹೋಗ್ಬೇಕು. ನಾನು ಮೇಸ್ತ್ರಿ ಆದ್ಮೇಲೆ ಮೊದಲನೇ ಮಾಲು. ಅಂಗಡಿಯವನು ಏನಾದ್ರೂ ವಾಪಸ್ ಕಳಿಸಿದ್ರೆ ನನ್ನ ಮಾನ ಹೋಗುತ್ತೆ ಗುಬ್ಬಿ."

"ನಿನ್ನ ಮಾನ ಉಳೀತು ಬಿಡು." ಗುಬ್ಬಿ ಬೆನ್ನ ಹಿಂದೆ ಕೈ ಹಾಕಿ ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. "ವಾರೆ ಇದೆ ಅಂತ ಒಂದು ಮಾತು ಹೇಳಿದ್ರೆ ನಾನೇ ತಿದ್ದುತ್ತಿರಲಿಲ್ವಾ? ಎಲ್ಲಾ ನಿಮ್ಮ ಕೈಯಿಂದಾನೇ ಆಗೋದಾದ್ರೆ ನಾನ್ಯಾಕೆ ಇಲ್ಲಿ ಮೇಸ್ತ್ರಮ್ಮನೋರೇ? ನಾಳೆಯಿಂದ ನಾನು ಬರಲ್ಲ."

'ಮೇಸ್ತ್ರಮ್ಮನೋರೇ' ಅಂದದ್ದು ಮೇಸ್ತ್ರಿಯ ಎದೆಗೆ ನಾಟಿತು. ಇಷ್ಟು ವರ್ಷದಲ್ಲಿ ಒಂದು ದಿನವೂ 'ಏನೇ', 'ಕಣೇ' ಬಿಟ್ಟು ಮಾತಾಡಿದವಳಲ್ಲ ಗುಬ್ಬಿ. ಮೇಸ್ತ್ರಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಕಾಲಿಗೆ ತಗುಲಿದ್ದು, ಮರದ ಪಟ್ಟಿಗಳನ್ನು ಹೊಡೆದು ಮಾಡಿದ ಆ ಹಳೆಯ ಸ್ಟೂಲು. ಕೂರುವುದಕ್ಕೆ ತನಗೆಲ್ಲಿ ಪುರುಸೊತ್ತು ಎಂದು ಅವಳೇ ಅದನ್ನು ಮೂಲೆಗೆ ತಳ್ಳಿದ್ದಳು.

ಕೂತಮ್ಮನ ಸ್ಟೂಲದು. ಹಿಂದಿನ ಮೇಸ್ತ್ರಿಗೆ ಆ ಹೆಸರಿಟ್ಟವಳೂ ಗುಬ್ಬಿಯೇ. ದಿನವಿಡೀ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತೇ ಇರುತ್ತಿದ್ದಳು ಪುಣ್ಯಾತ್ಗಿತ್ತಿ. ಊಟಕ್ಕೆ ಕೈ ತೊಳೆಯುವಾಗ ನೋಡಿದರೆ ಅಂಗೈ ತುಂಬ ಸ್ಟೂಲಿನ ಪಟ್ಟಿಗಳ ಕೆಂಪು ಬರೆ. ಬೇಸಿಗೆಯಲ್ಲೂ ನಿಮಗೆ ಚಳಿಯಾ ಎಂದು ಗುಬ್ಬಿ ಕೇಳಿದ್ದಕ್ಕೆ, "ಹೂಂ, ಕೈಗೆ ಮಾತ್ರ" ಅಂದಿದ್ದಳು. ಈ ಹೊಸ ಮೇಸ್ತ್ರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದ ಕಣ್ಣುಗಳೋ, ದೆವ್ವ ಕಂಡು ಬೆಚ್ಚಿಬಿದ್ದಂತೆ ಇರುತ್ತಿದ್ದವು. ಕೂತಮ್ಮ ಬೈಯಲಿಲ್ಲ, ಮುಟ್ಟಲೂ ಇಲ್ಲ. ಕೂತಲ್ಲಿಂದಲೇ ಕತ್ತು ಚಾಚಿ, "ಇದು ಯಾರನ್ನ ನೋಡ್ತಿದೆ ಮಗಾ?" ಎಂದು ಕೇಳುತ್ತಿದ್ದಳು. ಅಷ್ಟೇ. ಒರೆಸಿ ಒರೆಸಿ ಬರೆದು, ಕೊನೆಗೊಂದು ಮಧ್ಯಾಹ್ನ ಗೊಂಬೆ ಇವಳನ್ನೇ ನೋಡಿತ್ತು. ಆ ಮಧ್ಯಾಹ್ನದ ಬಿಸಿಲು, ಬಣ್ಣದ ವಾಸನೆ, ಪಕ್ಕದಲ್ಲಿ ಗುಬ್ಬಿ ಚಪ್ಪಾಳೆ ತಟ್ಟಿ ಬಟ್ಟಲು ಉರುಳಿಸಿದ್ದು, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಸುಖದ ದಿನ ಅವಳ ಬಾಳಿನಲ್ಲಿ ಹೆಚ್ಚಿಲ್ಲ.

ಕೂತಮ್ಮನಿಗೆ ಕೆಲಸವೇ ಬರುವುದಿಲ್ಲ ಎಂದು ಇಬ್ಬರೂ ನಂಬಿದ್ದರು. ಬೀಳ್ಕೊಡುಗೆಯ ದಿನ ಎಲ್ಲರ ಒತ್ತಾಯಕ್ಕೆ ಕುಂಚ ಹಿಡಿದವಳು, ಉಸಿರು ಬಿಡುವಷ್ಟರಲ್ಲಿ ಒಂದು ಗೊಂಬೆಗೆ ಜೀವ ಬರಿಸಿಬಿಟ್ಟಳು. ಆ ಕೈಗಳನ್ನು ಇಷ್ಟು ವರ್ಷ ತೊಡೆಯ ಕೆಳಗೆ ಒತ್ತಿ ಹಿಡಿದಿದ್ದಳಲ್ಲ!

ಗುಬ್ಬಿ ಏಪ್ರನ್ ಮಡಚಿ ಬೆಂಚಿನ ಮೇಲಿಟ್ಟಳು. ಮೇಸ್ತ್ರಿ ಈಗಷ್ಟೇ ತಾನು ಬರೆದಿದ್ದ ಎಡಗಣ್ಣನ್ನು ಬಟ್ಟೆಯಿಂದ ಒರೆಸಿಹಾಕಿದಳು. ಗೊಂಬೆಯನ್ನು ಗುಬ್ಬಿಯ ಜಾಗದಲ್ಲಿ ನಿಲ್ಲಿಸಿ, ಕುಂಚವನ್ನು ಅವಳ ಕಡೆಗೆ ಚಾಚಿದಳು.

"ತಪ್ಪಾಯ್ತು ಕಣೇ. ಇದು ಯಾರನ್ನ ನೋಡ್ಬೇಕು, ನೀನೇ ಹೇಳು."

"ಕೂತಮ್ಮನ ಮಾತು ಬೇರೆ ಕದೀತೀಯಾ?" ಅಂದಳು ಗುಬ್ಬಿ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ತುಟಿಯಂಚಿನ ನಗು ಮಾತು ಕೇಳಲಿಲ್ಲ. ಒಂದು ಗಳಿಗೆ ನಿಂತಿದ್ದು, ಏಪ್ರನ್ ಕಟ್ಟಿಕೊಳ್ಳದೆಯೇ ಬೆಂಚಿನ ಮೇಲೆ ಕೂತಳು. ಕುಂಚವನ್ನು ಬಣ್ಣದಲ್ಲಿ ಅದ್ದಿದಳು.

ಬಿಳಿ ಸರಿಯಾಗಿ ಕೂತಿತು. ಕಂದು ವೃತ್ತ ಮಾತ್ರ ತುಸು ಹೊರಕ್ಕೆ ಸರಿಯಿತು, ಕೂದಲೆಳೆಯಷ್ಟು. ಮೇಸ್ತ್ರಿಯ ಬಲಗೈ ತಾನಾಗಿಯೇ ಮೇಲೆದ್ದಿತು. ಅವಳು ಸ್ಟೂಲನ್ನು ಎಳೆದುಕೊಂಡು ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿದಳು. ಮರದ ಪಟ್ಟಿಗಳು ಕಚ್ಚಿದವು.

"ಒತ್ತುತ್ತಾ?" ಗೊಂಬೆಯಿಂದ ಕಣ್ಣು ತೆಗೆಯದೆ ಕೇಳಿದಳು ಗುಬ್ಬಿ.

"ಒತ್ತುತ್ತೆ ಕಣೇ."

"ಒತ್ತಲಿ. ಏಳ್ಬೇಡ."