ಒಂಬತ್ತನೇ ಕ್ಯಾಮೆರಾ

ಹತ್ತು ಗಂಟೆ ಹತ್ತು ನಿಮಿಷಕ್ಕೆ ಒಂಬತ್ತನೇ ಕ್ಯಾಮೆರಾ ಮತ್ತೆ ಕತ್ತು ತಿರುಗಿಸಿತು. ಟೊಮೆಟೊ ಲಾರಿಗಳ ಮೇಲೆ ಕಣ್ಣಿಡಬೇಕಾದದ್ದು ಬಸ್ ಸ್ಟಾಪಿನ ಕಡೆ ಹೊರಟಿತು. ಅಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಹುಡುಗಿಗೆ ಇಪ್ಪತ್ತೆರಡು ಮೀರಿರಲಿಕ್ಕಿಲ್ಲ. ಪರದೆಯಲ್ಲಿ ಅವಳ ಚಿತ್ರ ದೊಡ್ಡದಾಯಿತು. ಕ್ಯಾಮೆರಾ ಮುಖದಿಂದ ಕೆಳಗಿಳಿದು ಎದೆಯ ಹತ್ತಿರ ನಿಂತುಬಿಟ್ಟಿತು.

ಹಿಂದಿನ ಕುರ್ಚಿಯಲ್ಲಿದ್ದ ಯಾಮಿನಿಗೆ ಮೈ ಉರಿದುಹೋಯಿತು. ಹನ್ನೆರಡು ದಿನದಿಂದ ಇದೇ ಕಥೆ. ಹುಡುಗಿ ಆಗಾಗ ತಲೆಯೆತ್ತಿ ಸೀದಾ ಕ್ಯಾಮೆರಾವನ್ನೇ ನೋಡುತ್ತಿದ್ದಳು. ಅವಳಿಗೂ ಅನುಮಾನ ಬಂದಿರಬೇಕು, ಪಾಪ.

ಚಿಂತಾಮಣಿಯ ಮಂಡಿ ವರ್ತಕರು ಸೇರಿ ಹಾಕಿಸಿದ ಕ್ಯಾಮೆರಾಗಳನ್ನು ಹಗಲು ಕಾಯುವವರು ಇಬ್ಬರೇ. ಗುಂಡಿ ಒತ್ತುವವನು ಮುನಿಶಾಮಪ್ಪ, ಅವನ ಮೇಲ್ವಿಚಾರಕಿ ಯಾಮಿನಿ. ಅವಳು ಗೌರಿಬಿದನೂರಿನಿಂದ ಬಂದು ಮೂರು ತಿಂಗಳಾಗಿತ್ತು. ದಿನಕ್ಕೆ ಸಾವಿರ ಮುಖ ನೋಡಿ ಬಾಡಿಗೆ ರೂಮಿಗೆ ಹೋಗಿ ಒಬ್ಬಳೇ ಉಣ್ಣುತ್ತಿದ್ದಳು. ‘ಊಟ ಆಯ್ತಾಮ್ಮ’ ಎಂದು ಈ ಊರಲ್ಲಿ ಅವಳನ್ನು ಕೇಳುತ್ತಿದ್ದವನು ಮುನಿಶಾಮಪ್ಪ ಒಬ್ಬನೇ. ಅದಕ್ಕೇ ಈಗ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ಅವನ ಪಾಡೂ ಅಷ್ಟಕ್ಕಷ್ಟೇ. ಹೆಂಡತಿ ತೀರಿಕೊಂಡಿದ್ದಳು. ಕೆಂಚಾರ್ಲಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ವಾಸ. ಮಕ್ಕಳಿಲ್ಲವಾ ಎಂದು ಅವಳು ಒಮ್ಮೆ ಕೇಳಿದ್ದಳು.

“ಒಬ್ಳಿದ್ಲು ಮೇಡಂ. ಅಣ್ಣನೇ ನಿಂತು ತಿಥಿ ಮಾಡ್ಸಿ ಎರಡು ವರ್ಷ ಆಯ್ತು.”

ಯಾಮಿನಿ ಮತ್ತೆ ಆ ಮಾತೆತ್ತಿರಲಿಲ್ಲ.

ಸಂಜೆ ಮನೆಗೆ ಹೋದರೆ ಅಣ್ಣನ ಮಗ ಅವನ ಫೋನು ಕಿತ್ತುಕೊಂಡು, ಯಾರ ಜೊತೆ ಮಾತಾಡಿದ್ದಾನೆ ಎಂದು ತಡಕಾಡುತ್ತಾನಂತೆ. ಮುನಿಶಾಮಪ್ಪನೇ ನಗುತ್ತಾ ಹೇಳಿದ್ದ. ಈಗ ಅವಳಿಗೆ ಅರ್ಥವಾಯಿತು. ಮನೆಯವರಿಗೂ ಇವನ ಚಾಳಿ ಗೊತ್ತಿದೆ.

“ಏನ್ ನೋಡ್ತಾ ಇದ್ದೀರಾ ಮುನಿಶಾಮಪ್ಪ?”

ಅವನು ಗುಂಡಿ ಒತ್ತಿದ. ಕ್ಯಾಮೆರಾ ಲಾರಿಗಳ ಕಡೆ ಓಡಿತು.

“ಜೇಬುಗಳ್ಳರು ಮೇಡಂ...”

“ಕೂಸು ಎತ್ಕೊಂಡಿರೋಳು ಜೇಬುಗಳ್ಳೀನಾ?”

ಅವನು ಕಣ್ಣು ತಗ್ಗಿಸಿದ. “ಯಾರ್ಗೂ ಹೇಳ್ಬೇಡಿ. ನಿಮ್ಮ ದಮ್ಮಯ್ಯ ಅಂತೀನಿ.”

ಬರೆದು ಕೊಟ್ಟರೆ ಅವನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಆ ಹುಡುಗಿಯ ಗತಿ? ಇವತ್ತು ನೋಡುವವನು ನಾಳೆ ಹಿಂದೆ ಬೀಳುವುದಿಲ್ಲವೆಂದು ಏನು ಗ್ಯಾರಂಟಿ? ಯಾಮಿನಿ ನಡುವಿನ ದಾರಿ ಹಿಡಿದಳು. ಹೊರಗೆ ಹೋಗಿ, ಅವನ ಅರ್ಜಿಯಲ್ಲಿದ್ದ ಮನೆಯ ನಂಬರಿಗೆ ಫೋನು ಮಾಡಿದಳು. ಅಣ್ಣ ವೆಂಕಟರಾಯಪ್ಪ ಎತ್ತಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ನೀವು ಹಿರಿಯರು, ಮನೆಯಲ್ಲೇ ಬುದ್ಧಿ ಹೇಳಿಕೊಳ್ಳಿ ಎಂದಳು.



“ಕೂಸು ಐತಾ ಅವಳತ್ರ?”

“ಹೂಂ.”

“ಯಾವ ಸ್ಟಾಪು? ಎಷ್ಟೊತ್ತಿಗೆ ಬರ್ತಾಳೆ?”

ಅವಳು ಅದನ್ನೂ ಹೇಳಿದಳು.

“ಒಳ್ಳೇದ್ ಮಾಡಿದ್ರಿ ತಾಯಿ. ನಾಳೆ ನಾವೇ ನಾಕು ಜನ ಬಂದು ಸರಿ ಮಾಡ್ತೀವಿ.”

ಎಷ್ಟು ಮರ್ಯಾದಸ್ಥರು ಎಂದುಕೊಂಡಳು ಯಾಮಿನಿ. ಎದೆ ಹಗುರಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಯಾರಿಗೋ ಬೇಕಾದವಳಂತೆ ಅನ್ನಿಸಿತು. ಇನ್ನು ಹುಡುಗಿಗೂ ಒಂದು ಮಾತು ಎಚ್ಚರಿಸಿದರೆ ಮುಗಿಯಿತು. ಬಸ್ಸು ಇನ್ನೂ ಬಂದಿರಲಿಲ್ಲ. ಅವಳು ಮೆಟ್ಟಿಲಿಳಿದು ರಸ್ತೆ ದಾಟಿದಳು.

“ನಾನು ಮೇಲಿನ ಕ್ಯಾಮೆರಾ ರೂಮಿನೋಳಮ್ಮ. ಹೆದರ್ಕೋಬೇಡ. ಅಲ್ಲೊಬ್ರು ವಯಸ್ಸಾದೋರು ದಿನಾ ನಿನ್ನೇ ನೋಡ್ತಾ ಕೂತಿರ್ತಾರೆ.”

ಹುಡುಗಿ ಹೆದರಲಿಲ್ಲ. ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದಳು:

“ಪಾಪಂಗೆ ಹಲ್ಲು ಬಂದಿರೋದು ಅಪ್ಪಂಗೆ ಕಾಣಿಸ್ತಾ ಮೇಡಂ?”