ಬೂದುಗುಂಬಳ ಬಿದ್ದ ಗೆರೆ

ದಂಡವನ್ನು ಜನರ ನೆನಪಿನಿಂದ ಮುರಿದುಕೊಳ್ಳುವ ಪದ್ಧತಿ ಬಂದು ಎಂಟು ವರ್ಷವಾಗಿತ್ತು. ಗಾಡಿ ತಪ್ಪಾಗಿ ನಿಲ್ಲಿಸಿದರೆ ಒಂದು ನೆನಪು ಹೋಗುತ್ತಿತ್ತು. ಯಾವುದು ಹೋಯಿತೆಂದು ಕಳೆದುಕೊಂಡವರಿಗೇ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯಾಕೆಗೆ ಬಿಸಿಬೇಳೆಬಾತಿನ ಹದ ಮರೆತುಹೋಗಿತ್ತು, ಅಷ್ಟೇ. ಸ್ಕೂಟರ್ ನಿಲ್ಲಿಸಿದ ದಂಡಕ್ಕೆ ನಿನ್ನೆ ತನ್ನದೂ ಅಂಥದ್ದೇನೋ ಹೋಗಿರಬೇಕೆಂದುಕೊಂಡು ಸರ್ವಮಂಗಳ ಮೇಲ್ಮನವಿ ಕಚೇರಿಗೆ ಬಂದಿದ್ದಳು. ಅವಳಿಗೆ ದಿಗಿಲಾಗಿದ್ದುದು ಬೇರೆಯದಕ್ಕೆ. ಅವಳ ಬೀದಿಯಿಂದಲೇ ಒಬ್ಬ ಗಂಡಸು ಅವಳ ಬಸ್ಸು ಹತ್ತಿ ಬಂದು, ಈಗ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಅವಳನ್ನೇ ನೋಡುತ್ತಿದ್ದ.

“ಅವತ್ತು ಆಯುಧಪೂಜೆ ಸರ್,” ಎಂದಳು ಗುಮಾಸ್ತನಿಗೆ. “ಎಲ್ಲರೂ ಬೂದುಗುಂಬಳ ಒಡೆದು ಬಿಳಿ ಗೆರೆ ಮೇಲೆಲ್ಲಾ ಕುಂಕುಮ ಮೆತ್ಕೊಂಡಿತ್ತು. ಸ್ಕೂಟರ್ ಎಲ್ಲಿ ನಿಲ್ಲಿಸ್ಬೇಕು ಅಂತ ಹೇಗೆ ಗೊತ್ತಾಗ್ಬೇಕು?”

ಗುಮಾಸ್ತ ಕ್ಯಾಮೆರಾದ ಚಿತ್ರವನ್ನು ಅವಳತ್ತ ತಿರುಗಿಸಿದ. ಗೆರೆ ನಿಜಕ್ಕೂ ಕಾಣುತ್ತಿರಲಿಲ್ಲ. ಅವಳ ಸ್ಕೂಟರಿನ ಮುಂದೆ ಒಬ್ಬ ಕುಕ್ಕರುಗಾಲಿನಲ್ಲಿ ಕೂತು ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದ.

“ಗೆರೆ ಕಾಣಲ್ಲ, ಒಪ್ತೀನಿ. ಆದ್ರೆ ಸಾಕ್ಷಿ ಬೇಕಮ್ಮ. ಜೊತೇಲಿ ಇರೋ ಇವರು ಯಾರು?”

ಸರ್ವಮಂಗಳ ಬಗ್ಗಿ ನೋಡಿದಳು. ತಟ್ಟನೆ ಬೆಂಚಿನತ್ತ ಬೆರಳು ತೋರಿಸಿದಳು.

“ನಿನ್ನೆಯಿಂದ್ಲೂ ನನ್ ಬೆನ್ನು ಹತ್ತಿದಾನೆ ಸರ್ ಇವನು. ನೋಡಿ, ಆ ಬೆಂಚಲ್ಲಿ ಕೂತಿದಾನೆ. ಮೊದ್ಲು ಇವನ ಮೇಲೆ ದೂರು ಬರ್ಕೊಳ್ಳಿ.”

ಬೆಂಚಿನಲ್ಲಿದ್ದವನು ತಲೆ ತಗ್ಗಿಸಿದ. ಗುಮಾಸ್ತ ‘ಮರೆತುಹೋದ ಗಂಡ’ ಎಂದು ತಲೆಬರಹ ಅಚ್ಚಾಗಿದ್ದ ಫಾರಮ್ಮುಗಳ ದಪ್ಪ ಪುಸ್ತಕವನ್ನು ಡ್ರಾಯರಿನಿಂದ ತೆಗೆದ. ಅದರಲ್ಲಿ ಉಳಿದಿದ್ದುದು ಕೊನೆಯ ಎರಡೇ ಹಾಳೆ.