ಬೆದರುವ ಹಸು

ಕಾಡಂಚಿನಲ್ಲಿ ಗುಡಿಸಲು, ದೊಡ್ಡಿ ಕಟ್ಟಿಕೊಂಡು ಅವರು ನೆಲೆಸಿದ ಮೊದಲ ವರ್ಷ. ಚಿರತೆ ಕರುಗಳನ್ನೆಲ್ಲ ಹೊತ್ತೊಯ್ದಿತ್ತು. ಉಳಿದಿದ್ದ ಒಂದೇ ಒಂದು ಗಬ್ಬದ ಹಸು ಅಂದು ಸಂಜೆಯಾದರೂ ಮರಳಲಿಲ್ಲ. ಗಂಡ ಹೆಂಡತಿ ಹುಡುಕಿಕೊಂಡು ಹೋಗಿ, ಮಂಜಿನಲ್ಲಿ ಅದನ್ನು ಕಂಡರು. ಎಂದಿನಂತೆ ಅವನು ಕರೆಯುತ್ತಾ ಮುಂದೆ ನಡೆದ, ಅವಳು ಅವನ ಪಕ್ಕದಲ್ಲಿ. ಹಸು ಹಿಂದೆ ಬಂತು.

"ಒಂದ್ಸಲ ತಿರುಗಿ ನೋಡಿ ಅಂತೀನಿ."

"ಬ್ಯಾಡ ಅಮ್ಮಿ. ಬೆದರೋ ಹಸ, ತಿರುಗುದ್ರೆ ಓಡೋಯ್ತದೆ."

"ಗೊರಸಿನ ಸದ್ದೇ ಇಲ್ವಲ್ಲ!"

"ಹುಲ್ಲಿನ ಮ್ಯಾಲೆ ಏನ್ ಸದ್ದು? ಉಸ್ರು ಕೇಳಿಸ್ತಾ ಇಲ್ವಾ?"

ಕೇಳಿಸುತ್ತಿತ್ತು. ತೀರಾ ಹತ್ತಿರದಲ್ಲೇ.

"ನಂಗೆ ಭಯ ಆಯ್ತದೆ."

"ಅಗೋ, ದೊಡ್ಡಿ ಬಂತು. ನೀನು ಮುಂದೆ ಓಡೋಗಿ ಬಾಗ್ಲು ತಗಿ. ನಾನು ನಿಧಾನಕ್ಕೆ ಕರ್ಕೊಂಡ್ ಬತ್ತೀನಿ."

ಅವಳು ಓಡಿದಳು.

ಮುಚ್ಚಿದ ಬಾಗಿಲಿನ ಮುಂದೆ ಹಸು ಆಗಲೇ ಬಂದು ನಿಂತಿತ್ತು.